ಹಲಗೆಯೊಳಗಿನ ಮೀನು

ಪ್ಲೈವುಡ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ತೇಪೆಯಕ್ಕ ಎಂದೇ ಕರೆಯುತ್ತಿದ್ದರು. ಒಳಪದರದ ತೆಳು ಹಾಳೆಗಳಲ್ಲಿ ತೂತು ಕಂಡಲ್ಲೆಲ್ಲ ಮರದ ತೇಪೆ ಹಾಕುವುದು ಅವಳ ಕೆಲಸ. ಉಳಿದವರದು ದುಂಡು ತೇಪೆ, ಇವಳದು ಮೀನಿನಾಕಾರದ್ದು. ಬಾಲವಿದ್ದರೆ ಜಾರುವುದಿಲ್ಲ ಎಂಬುದು ಅವಳ ಹಟ. ಮೇಲ್ವಿಚಾರಕ ಬೈದು ಬೈದು ಸುಸ್ತಾಗಿದ್ದ.

ಮಗಳ ಕಪಾಟಿಗೆ ಹಲಗೆ ಬೇಕಾದಾಗ ಅವಳು ಸೀದಾ ಹೋದದ್ದು ತಮ್ಮನ ಅಂಗಡಿಗೆ. ತಾನೇ ಎತ್ತಿ ಆಡಿಸಿದ ತಮ್ಮ. ಅವನೋ ದೇಶದೇಶಗಳನ್ನೇ ತಕ್ಕಡಿಗೆ ಹಾಕಿ ತೂಗಿದ. "ಅಕ್ಕಾ, ಈ ಹೊರದೇಶದ ಮೊಹರು ನೋಡು, ಆ ದೇಶದವರು ಜಗತ್ತಿಗೆಲ್ಲ ಹಲಗೆ ಮಾರ್ತಾರೆ. ನಮ್ಮೋರ ಮಾಲನ್ನ ಯಾರು ಮೂಸಿ ನೋಡ್ತಾರೆ? ನಿಮ್ಮ ಕಾರ್ಖಾನೇದು ಬೇಡವೇ ಬೇಡ." ಅಕ್ಕ ತಲೆಯಾಡಿಸಿ, ಹೊರದೇಶದ ಮೊಹರಿದ್ದ ದುಬಾರಿ ಹಲಗೆಯನ್ನೇ ಕೊಂಡಳು.

ಮನೆಯಲ್ಲಿ ಬಡಗಿ ಕೀಲು ಕೂರಿಸಲು ಉಳಿ ಇಟ್ಟದ್ದೇ ತಡ, ಮೇಲ್ಪದರ ಎದ್ದು ಬಂತು. ಒಳಗೆ ಮೀನು! ಬಾಲದ ಸಮೇತ. ತೇಪೆಯಕ್ಕನ ಮೈಯೆಲ್ಲ ಉರಿದುಹೋಯಿತು.

ಕಿತ್ತ ತುಂಡನ್ನು ಹಿಡಿದುಕೊಂಡೇ ಅಂಗಡಿಗೆ ನಡೆದಳು. "ಇದು ನನ್ನ ಕೈಯಿಂದಾನೇ ಹೋದದ್ದು. ನಿಂಗೆ ಗೊತ್ತಿತ್ತೇನೋ?"

ತಮ್ಮ ಹಲ್ಲು ಕಿರಿದ. "ಗೊತ್ತಿಲ್ದೇ ಏನಕ್ಕಾ? ಅವರು ನಮ್ಮಿಂದ್ಲೇ ಕೊಳ್ತಾರೆ, ಮೊಹರು ಒತ್ತಿ ನಮಗೇ ಮಾರ್ತಾರೆ. ಗಿರಾಕಿಗಳಿಗೆಲ್ಲ ಹೇಳೋದನ್ನೇ ನಿಂಗೂ ಹೇಳಿದೆ, ಅಷ್ಟೇ."

ಅವಳು ತುಂಡನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು.

"ಸಮುದ್ರ ದಾಟಿ ಬಂದ ಮೀನನ್ನ ನಾನು ಗುರುತು ಹಿಡಿದೆ ಕಣೋ. ಎದುರಿಗೇ ನಿಂತಿದ್ದ ಅಕ್ಕ ನಿಂಗೆ ಗಿರಾಕಿ ಆಗಿಬಿಟ್ಲು."