ಕುರಿಗಾರನ ಹೊಟ್ಟೆಯ ಸದ್ದು

ಜಮಖಂಡಿಯ ನಮ್ಮ ಆಸ್ಪತ್ರೆಗೆ ರಕ್ತದ ಹರಿವನ್ನು ಅಲೆಯಾಗಿ ತೋರಿಸಿ, ಸದ್ದಾಗಿ ಕೇಳಿಸುವ ಡಾಪ್ಲರ್ ಇರುವ ಸ್ಕ್ಯಾನಿಂಗ್ ಯಂತ್ರ ಬಂದು ತಿಂಗಳೂ ಆಗಿರಲಿಲ್ಲ. ತುಬಚಿ ಕಡೆಯ ಕುರಿಗಾರನೊಬ್ಬನನ್ನು ಅವನ ಹೆಂಡತಿ ಟೆಂಪೋದಲ್ಲಿ ಮಲಗಿಸಿಕೊಂಡು ಬಂದಳು. ಕಾಲಿಗೆ ಜಾಲಿಮುಳ್ಳು ನೆಟ್ಟು ಕೀವಾಗಿ, ನಂಜು ರಕ್ತಕ್ಕೇರಿತ್ತು. ಬಿ.ಪಿ. ತೀರ ಇಳಿದಿತ್ತು, ಕೈಕಾಲು ತಣ್ಣಗೆ. ಕೀವು ತೆಗೆದು, ಆಂಟಿಬಯಾಟಿಕ್, ಸಲೈನ್, ಬಿ.ಪಿ. ಏರಿಸುವ ಔಷಧ ಎಲ್ಲ ಕೊಟ್ಟ ಮೇಲೆ ಮರುದಿನ ಬೆಳಿಗ್ಗೆ ಬಿ.ಪಿ. ನೂರು ದಾಟಿತು.

ಹೆಂಡತಿ ಆಗಲೇ ಅಂಬಲಿ ತರಿಸಿದ್ದಳು. "ಡಾಕ್ಟರ ಬಾಯಾರ, ಇನ್ನ ಕುಡಸ್ಲೇನ್ರಿ?" ಎಂದು ನನ್ನನ್ನು ಕೇಳಿದಳು.

"ಇವತ್ತ ಬ್ಯಾಡ."

ಅವನ ಹೊಟ್ಟೆ ಉಬ್ಬಿತ್ತು, ಮೂತ್ರ ಹನಿಹನಿಯಾಗಿ ಬರುತ್ತಿತ್ತು. ಸ್ಕ್ಯಾನ್ ಹಚ್ಚಿದರೆ ಕರುಳಿಗೆ ಹೋಗುವ ರಕ್ತನಾಳದ ಅಲೆಗಳು ಗಿಡ್ಡ. ಕಿಡ್ನಿಯಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ರಕ್ತ ಹರಿಯುತ್ತಲೇ ಇರಲಿಲ್ಲ. "ಜೀವಕ್ಕ ಕುತ್ತ ಬಂದಾಗ ಮೈ ಮೊದಲ ಹೃದಯ, ಮೆದುಳು ನೋಡಕೊಳ್ಳತೈತಿ. ಕರುಳಿಗೆ ಇನ್ನೂ ರಕ್ತ ಸರಿಯಾಗಿ ಮುಟ್ಟಿಲ್ಲ, ಈಗ ಅಂಬಲಿ ಕೊಟ್ರ ತಾಳೂದಿಲ್ಲ," ಎಂದು ವಿವರಿಸಿದೆ.

"ನಾಕ ರೊಟ್ಟಿ ಉಣ್ಣೋ ಮನಶ್ಯಾನ್ನ ಉಪವಾಸ ಕೆಡವೀರಲ್ರೀ!" ಎಂದು ಆಕೆ ಜಗಳಕ್ಕೇ ನಿಂತಳು. ಒಳಗೊಳಗೆ ನನಗೂ ಅಳುಕು. ಈ ಅಲೆಗಳನ್ನು ನಂಬಿ ನಿರ್ಧಾರ ಮಾಡುವುದು ನನಗೂ ಹೊಸದೇ.

ಆಮೇಲೆ ಬೆಳಿಗ್ಗೆ, ಸಂಜೆ ನಾನು ಸ್ಕ್ಯಾನ್ ಮಾಡುವಾಗ ಆಕೆಯೂ ಮಂಚದ ಪಕ್ಕ ಬಂದು ನಿಲ್ಲತೊಡಗಿದಳು. ಯಂತ್ರದಿಂದ ಶೂ... ಶೂ... ಎಂಬ ಸದ್ದು ಬಂದರೆ ತಲೆ ಓರೆ ಮಾಡಿ ಕೇಳುವಳು. ಮೂರನೆಯ ಬೆಳಿಗ್ಗೆ ನಾನು ಬಾಯಿ ಬಿಡುವ ಮೊದಲೇ, "ಇವತ್ತ ಜೋರ ಐತಿ, ಹೌದಲ್ರಿ?" ಎಂದಳು. ಹೌದು, ಅಲೆ ಎತ್ತರವಾಗಿತ್ತು. ಕಿಡ್ನಿಯಲ್ಲೂ ಹರಿವು ನಡುವೆ ಕಡಿಯದೆ ಸಾಗಿತ್ತು. ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲ ಅರ್ಧ ತುಂಬಿತ್ತು. ಅದನ್ನು ನೋಡಿ ಅಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೇ ಮೊದಲು.

ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ನಳಿಕೆಯಲ್ಲಿ ಎರಡು ಚಮಚ ಗಂಜಿನೀರು ಬಿಡಲು ಹೇಳಿದೆ.

"ಎರಡ ಚಮಚೇನ? ನಮ್ಮ ಕುರಿಮರಿ ಇದಕ್ಕಿಂತ ಜಾಸ್ತಿ ಕುಡೀತಾವ!" ಎಂದು ಆಕೆ ನಕ್ಕಾಗ ನರ್ಸ್ ಕೂಡ ನಕ್ಕುಬಿಟ್ಟಳು.

ಎರಡು ದಿನದಲ್ಲಿ ಎರಡು ಚಮಚ ಒಂದು ಲೋಟವಾಯಿತು. ವಾರದ ಹೊತ್ತಿಗೆ ಆತ ಎದ್ದು ಕೂತು, ಕುರಿ ಯಾರ ಕಾಯಾಕತ್ತಾರ ಎಂದು ಹೆಂಡತಿಯನ್ನೇ ಗದರಿಸಿದ. ನಂಜಿಗೆ ಒಂದು ಕಾಲ್ಬೆರಳು ಹೋಯಿತು, ಆದರೆ ನಡೆದುಕೊಂಡೇ ಊರಿಗೆ ಹೊರಟ.

ಹೊರಡುವ ದಿನ ಆಕೆ ವರಾಂಡದಲ್ಲಿ ಬೇರೊಬ್ಬ ರೋಗಿಯ ಮಗಳಿಗೆ ಹೇಳುತ್ತಿದ್ದಳು: "ಬಿ.ಪಿ. ಬಂತಂತ ಗಡಬಡಿಸಿ ಉಣಸಬ್ಯಾಡವಾ. ಡಾಕ್ಟರ ಬಾಯಾರು ಹೊಟ್ಟಿ ಸದ್ದ ಕೇಳಿ ಹೇಳ್ಲಿ."