ನೊರೀನ್ ಕ್ಯಾಟರಲ್ ಅವರ ಐವತ್ತೈದು ಡಿಗ್ರಿ

ಇಂಗ್ಲೆಂಡಿನ ಆಕ್ರಿಂಗ್ಟನ್ನಿನ ನಮ್ಮ ಬೀದಿಯಲ್ಲಿ ಯಾರ ಮನೆಗೆ ಯಾರು ಹೋದರೂ ಕೋಟು ಬಿಚ್ಚುವ ಮೊದಲು ಕಿಟಕಿಯ ಕೆಳಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಅಂಗೈ ಇಡುತ್ತಾರೆ. ಕೈ ಸುಟ್ಟರೆ ಅದು ಒಳ್ಳೆಯ ಮನೆ. ಸುಡದಿದ್ದರೆ ಆ ಮನೆಯವರಿಗೆ ಕಷ್ಟ ಬಂದಿದೆ, ಇಲ್ಲವೇ ಅವರು ಜಿಪುಣರು. ನೊರೀನ್ ಕ್ಯಾಟರಲ್ ಅವರ ರೇಡಿಯೇಟರ್ ಮೂರು ವರ್ಷದಿಂದ ಯಾರ ಕೈಯನ್ನೂ ಸುಟ್ಟಿಲ್ಲ. ಅದರಿಂದ ಅವರಿಗೆ ಏನಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ನಾನು ಕಣ್ಣಾರೆ ಕಾಣದ ಭಾಗಗಳನ್ನು ನೊರೀನ್ ಅವರೇ ನಮ್ಮಮ್ಮನಿಗೆ ಹೇಳಿದ್ದು.

ಅವರಿಗೆ ಈಗ ಐವತ್ತೆಂಟು. ಇಪ್ಪತ್ತೆರಡು ವರ್ಷದಿಂದ ತಮ್ಮ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಏಳೂವರೆಗೆ ತಾಯಂದಿರು ಬಿಟ್ಟು ಹೋಗುತ್ತಾರೆ, ಸಂಜೆ ಆರಕ್ಕೆ ಕರೆದೊಯ್ಯುತ್ತಾರೆ. ಅಷ್ಟು ಹೊತ್ತೂ ಮನೆ ಬೆಚ್ಚಗಿರಬೇಕು. ಗ್ಯಾಸಿನ ಬೆಲೆ ಏರಿದ ವರ್ಷ ಇದೇ ಕೆಲಸ ಮಾಡುತ್ತಿದ್ದ ಇನ್ನಿಬ್ಬರು ನಮ್ಮ ಬೀದಿಯಲ್ಲಿ ಬಾಗಿಲು ಹಾಕಿದರು. ನೊರೀನ್ ಹಾಕಲಿಲ್ಲ. ಅವರಿಗೆ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಅದೇ ವರ್ಷದ ಜನವರಿಯ ಒಂದು ಬೆಳಿಗ್ಗೆ, ಗ್ಯಾಸಿನಿಂದ ನೀರು ಕಾಯಿಸಿ ರೇಡಿಯೇಟರಿಗೆ ಕಳಿಸುವ ಬಾಯ್ಲರ್ ಗೊರಗೊರ ಸದ್ದು ಮಾಡಿ ನಿಂತುಹೋಯಿತು. ಹಿತ್ತಲ ಗೋಡೆಯಿಂದ ಚರಂಡಿಗೆ ಇಳಿಯುವ ಬಿಳಿ ಪ್ಲಾಸ್ಟಿಕ್ ಕೊಳವೆಯೊಳಗೆ ನೀರು ಹೆಪ್ಪುಗಟ್ಟಿತ್ತು. ನೊರೀನ್ ಬೆಚ್ಚನೆಯ ನೀರು ಸುರಿದು ಅದನ್ನು ಕರಗಿಸಿದರು. ಆಮೇಲೆ ಬಂದ ಬಾಯ್ಲರ್ ರಿಪೇರಿಯವನನ್ನು ಕೇಳಿದರು, "ಒಳಗೆ ಉರಿಯೋದು ಗ್ಯಾಸು. ನೀರು ಎಲ್ಲಿಂದ ಬಂತು?"

"ಹೊಗೆಯಲ್ಲಿ ಆವಿ ಇರುತ್ತೆ. ರೇಡಿಯೇಟರ್‌ನಿಂದ ವಾಪಸ್ ಬರೋ ನೀರು ತಕ್ಕಮಟ್ಟಿಗೆ ತಣ್ಣಗಿದ್ರೆ, ಆ ಆವಿ ನೀರಾಗಿ, ತನ್ನ ಶಾಖಾನ ನಿಮ್ಮ ಮನೆಗೇ ಬಿಟ್ಟುಕೊಡುತ್ತೆ. ಇಲ್ಲಾಂದ್ರೆ ಹಾಗೇ ಹೊರಗೆ ಹೋಗುತ್ತೆ. ನಿಮ್ಮದು ಎಂಬತ್ತು ಡಿಗ್ರೀಲಿದೆ. ಹನಿಹನಿ ಬರುತ್ತೆ ಅಷ್ಟೆ, ಅದಕ್ಕೇ ಕೊಳವೇಲಿ ಗಟ್ಟಿಯಾಯ್ತು."

"ಎಂಬತ್ತಕ್ಕೆ ಇಟ್ಟಿದ್ದು ಯಾರು?"

"ನಾನೇ. ಕಡಿಮೆ ಇಟ್ರೆ ಜನ ರೇಡಿಯೇಟರ್ ಮುಟ್ಟಿ ನೋಡಿ ಮಾರನೇ ದಿನವೇ ಫೋನ್ ಮಾಡ್ತಾರೆ, ಕೆಟ್ಟುಹೋಗಿದೆ ಅಂತ."

ಅವನು ಹೋದ ಮೇಲೆ ನೊರೀನ್ ಆ ಕೊಳವೆಯ ಬಾಯಿಗೆ ಬಕೆಟ್ ಇಟ್ಟರು. ಬಾಯ್ಲರಿನಲ್ಲಿ ಎರಡು ತಿರುಗಣೆಗಳಿದ್ದವು. ನಲ್ಲಿಯ ಚಿತ್ರವಿದ್ದದ್ದನ್ನು ಅವರು ಮುಟ್ಟಲಿಲ್ಲ. ರೇಡಿಯೇಟರಿನ ಚಿತ್ರವಿದ್ದದ್ದನ್ನು ಮಾತ್ರ ಇಳಿಸುತ್ತ ಬಂದರು. ಒಂದು ದಿನದ ಚಳಿ ಇನ್ನೊಂದು ದಿನ ಇರುವುದಿಲ್ಲವೆಂದು ಪ್ರತಿ ಅಂಕಿಯಲ್ಲೂ ಮೂರು ಮೂರು ದಿನ ಇಟ್ಟು ನೋಡಿದರು. ಎಂಬತ್ತರಲ್ಲಿ ಇಡೀ ದಿನಕ್ಕೆ ಒಂದೆರಡು ಲೋಟ ನೀರು ಬಂದಿತ್ತು. ಐವತ್ತೈದರಲ್ಲಿ ಸಂಜೆಯ ಚಹಾದ ಹೊತ್ತಿಗೆ ಬಕೆಟ್ ತುಂಬಿತು, ಅಂದರೆ ಅಷ್ಟೂ ಆವಿಯ ಶಾಖ ಮನೆಯಲ್ಲೇ ಉಳಿದಿತ್ತು.

ಪಕ್ಕದ ಮನೆಯ ಕೀತ್ ಹಿತ್ತಲ ಗೋಡೆಯ ಮೇಲಿಂದ ಇಣುಕಿದ. "ಏನ್ ನೊರೀನ್, ಬಾಯ್ಲರ್ ಹಾಲು ಕರೀತಾ ಇದ್ದೀಯಾ?"

"ಹೂಂ. ನಿಂದು ಗೊಡ್ಡು ಕಣೋ. ನೋಡು, ಬರೀ ಆವಿ ಬಿಡ್ತಾ ನಿಂತಿದೆ."

ಕೀತ್ ಕೆಲಸದಿಂದ ಬಂದವನೇ ಕೋಣೆ ಎಷ್ಟು ಬಿಸಿಯಾಗಬೇಕೆಂದು ನಿಗದಿಮಾಡುವ ಥರ್ಮೋಸ್ಟಾಟನ್ನು ಮೂವತ್ತಕ್ಕೆ ತಿರುಗಿಸುತ್ತಿದ್ದ, ಒಂದು ಗಂಟೆಯ ಮೇಲೆ ಬೆವತು ಕಿಟಕಿ ತೆರೆಯುತ್ತಿದ್ದ. ಮೂವತ್ತಕ್ಕೆ ತಿರುಗಿಸಿದರೆ ಮನೆ ಬೇಗ ಕಾಯುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ ಅಷ್ಟೆ ಎಂದು ನೊರೀನ್ ಎಷ್ಟು ಸಲ ಹೇಳಿದರೂ ಅವನು ನಕ್ಕುಬಿಡುತ್ತಿದ್ದ. ನೊರೀನ್ ಮನೆಯ ಥರ್ಮೋಸ್ಟಾಟ್ ಇಪ್ಪತ್ತರಲ್ಲಿ ನಿಂತಿತ್ತು, ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಕಡಿಮೆ ಬಿಸಿಯ ನೀರಿನಿಂದ ಮನೆ ಕಾಯುವುದು ನಿಧಾನ. ಅದಕ್ಕೆ ಬಾಯ್ಲರ್ ಏಳರ ಬದಲು ಐದೂವರೆಗೇ ಹೊತ್ತಿಕೊಳ್ಳುವಂತೆ ಇಟ್ಟರು. ರೇಡಿಯೇಟರಿಗೆ ಅಡ್ಡವಾಗಿದ್ದ ಸೋಫಾವನ್ನು ಎಳೆದು ಎದುರು ಗೋಡೆಗೆ ಹಾಕಿದರು. ಮಕ್ಕಳು ಬರುವಷ್ಟರಲ್ಲಿ ಮನೆ ಹದವಾಗಿ ಬೆಚ್ಚಗಿರುತ್ತಿತ್ತು.

ಹೋದ ಫೆಬ್ರವರಿಯಲ್ಲಿ ಲಿಂಡ್ಸಿ ಪಿಲ್ಲಿಂಗ್ ಎಂಬ ತಾಯಿ ಮಗ ರೋವನ್‌ನನ್ನು ಕರೆದೊಯ್ಯಲು ಬಂದವರು ರೇಡಿಯೇಟರಿನ ಮೇಲೆ ಕೈಯಿಟ್ಟರು.

"ಇದು ಕೆಟ್ಟಿದೆಯಲ್ಲ."

"ಕೆಟ್ಟಿಲ್ಲಮ್ಮ. ಅದು ಇರೋದೇ ಹಾಗೆ."

"ನನ್ನ ಮಗನ್ನ ಚಳೀಲಿ ಕೂರಿಸಿ ಗ್ಯಾಸ್ ಉಳಿಸ್ಬೇಡಿ, ನೊರೀನ್."

"ನಿಮ್ಮ ಮಗ ಸ್ವೆಟರ್ ಬಿಚ್ಚಿ ಬಿಸಾಕಿ ಕೂತಿದ್ದಾನೆ. ಒಂದ್ಸಲ ಆ ಕಡೆ ನೋಡಿ."

ಲಿಂಡ್ಸಿ ನೋಡಲಿಲ್ಲ. ಮರುದಿನದಿಂದ ರೋವನ್ ಬರಲಿಲ್ಲ. ವಾರದೊಳಗೆ, ಮಕ್ಕಳನ್ನು ನೋಡಿಕೊಳ್ಳಲು ಲೈಸೆನ್ಸ್ ಕೊಡುವ ಕಚೇರಿಯಿಂದ ಪತ್ರ ಬಂತು. ಮನೆ ತಣ್ಣಗಿದೆ ಎಂಬ ದೂರು ಬಂದಿದೆ, ಗುರುವಾರ ತನಿಖಾಧಿಕಾರಿ ಬರುತ್ತಾರೆ, ದೂರು ನಿಜವಾದರೆ ಲೈಸೆನ್ಸ್ ರದ್ದಾಗುತ್ತದೆ.

ಬುಧವಾರ ಸಂಜೆ ನಮ್ಮಮ್ಮ ಮತ್ತು ಕೀತ್ ನೊರೀನ್ ಅವರ ಅಡುಗೆಮನೆಯಲ್ಲಿ ಕೂತಿದ್ದರು.

"ಒಂದೇ ಒಂದು ದಿನ ಎಂಬತ್ತಕ್ಕೆ ತಿರುಗಿಸ್ಬಿಡು ಮಾರಾಯ್ತಿ," ಎಂದ ಕೀತ್. "ಅವ್ರು ಕೈಯಿಡ್ತಾರೆ, ಸುಡುತ್ತೆ, ಹೋಗ್ತಾರೆ. ಶುಕ್ರವಾರ ಮತ್ತೆ ನಿನ್ನ ಹಾಲು ಕರ್ಕೋ."

"ತಿರುಗಿಸಿದ್ರೆ, ಇಷ್ಟು ದಿನ ಮಕ್ಕಳನ್ನ ಚಳೀಲಿ ಇಟ್ಟಿದ್ದೆ ಅಂತ ನಾನೇ ಒಪ್ಕೊಂಡ ಹಾಗೆ."

"ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

"ಲೈಸೆನ್ಸ್ ಹೋದ್ರೆ ಏನ್ಮಾಡ್ತೀಯೇ?" ಎಂದು ಅಮ್ಮ ಕೇಳಿದರಂತೆ.

"ಗೊತ್ತಿಲ್ಲ," ಎಂದರು ನೊರೀನ್. ಎಲ್ಲರಿಗೂ ಚಹಾ ಸುರಿದರು. ತಿರುಗಣೆ ಮಾತ್ರ ಐವತ್ತೈದರಲ್ಲೇ ಉಳಿಯಿತು.

ಗುರುವಾರ ಹಿಮ ಬೀಳುತ್ತಿತ್ತು. ತನಿಖಾಧಿಕಾರಿ ಥ್ರೆಲ್‌ಫಾಲ್ ಎಂಬ ಹೆಂಗಸು. ಒಳಗೆ ಬಂದವರೇ ಎಲ್ಲರಂತೆ ರೇಡಿಯೇಟರಿಗೆ ಕೈ ಹಚ್ಚಿದರು.

"ಉಗುರುಬೆಚ್ಚಗಿದೆ," ಎಂದು ಬರೆದುಕೊಂಡರು. "ಇದರ ಮುಂದೆ ತಡೆಹಲಗೆಯೂ ಇಲ್ಲ."

"ತಡೆಹಲಗೆ ಹಾಕೋದು ಮಕ್ಕಳು ಸುಟ್ಕೋಬಾರದು ಅಂತ. ಮಗುವಿನ ಹಾಲಿನ ಬಿಸಿ ನೋಡ್ತೀವಲ್ಲ, ಹಾಗೆ ಮಣಿಕಟ್ಟಿನ ಒಳಭಾಗ ಇಟ್ಟು ನೋಡಿ. ಎಷ್ಟು ಹೊತ್ತು ಬೇಕಾದ್ರೂ ಇಟ್ಕೊಳ್ಳಿ."

ಥ್ರೆಲ್‌ಫಾಲ್ ಇಟ್ಟರು. ಅವರ ಪಕ್ಕದಲ್ಲೇ ಎರಡು ವರ್ಷದ ಹುಡುಗಿಯೊಬ್ಬಳು ಅದೇ ರೇಡಿಯೇಟರಿಗೆ ಬೆನ್ನು ಆನಿಸಿ ಟೋಸ್ಟ್ ತಿನ್ನುತ್ತಿದ್ದಳು.

"ಕೋಟು ಬಿಚ್ಚಿ ಅರ್ಧ ಗಂಟೆ ಕೂತ್ಕೊಳ್ಳಿ," ಎಂದರು ನೊರೀನ್. "ನೀವು ಬಂದಿರೋದು ಮನೆ ನೋಡೋಕೆ. ಇನ್ನೂ ಬಾಗಿಲ ಚಳೀಲೇ ನಿಂತಿದ್ದೀರಿ."

ಅವರು ಕೂತರು. ಮಕ್ಕಳ ಮಲಗುವ ಮೂಲೆ, ಔಷಧಿ ಡಬ್ಬಿ ಎಲ್ಲ ನೋಡಿದರು. ಇಪ್ಪತ್ತು ನಿಮಿಷದಲ್ಲಿ ಕೋಟಿನ ಜೊತೆಗೆ ಕಾರ್ಡಿಗನ್ ಸ್ವೆಟರ್ ಕೂಡ ಕುರ್ಚಿಯ ಬೆನ್ನಿಗೆ ಹೋಯಿತು. ಆದರೂ ಕೊನೆಯಲ್ಲಿ ಸಹಿಗೆಂದು ಕೊಟ್ಟ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು. ರೇಡಿಯೇಟರ್ ಉಗುರುಬೆಚ್ಚಗಿದೆ.

ನೊರೀನ್ ಹಾಳೆಯನ್ನು ಹಿಂದಕ್ಕೆ ತಳ್ಳಿದರು. "ಇದಕ್ಕೆ ನಾನು ಸಹಿ ಹಾಕಲ್ಲ."

"ಬರೆದಿರೋದು ನಿಜ ತಾನೇ?"

"ಅರ್ಧ ನಿಜ. ಕೋಣೆ ಎಷ್ಟು ಡಿಗ್ರಿ ಇದೆ ಅಂತ ಬರೀರಿ. ಮಕ್ಕಳು ಏನು ಹಾಕ್ಕೊಂಡಿದ್ದಾರೆ ಬರೀರಿ. ನೀವು ಕಾರ್ಡಿಗನ್ ಬಿಚ್ಚಿದ್ದನ್ನೂ ಬರೀರಿ. ಮಕ್ಕಳು ಬದುಕೋದು ಕೋಣೇಲಿ, ರೇಡಿಯೇಟರ್ ಒಳಗಲ್ಲ."

"ಸಹಿ ಇಲ್ದಿದ್ರೆ ನಿಮಗೇ ತೊಂದರೆ, ಮಿಸೆಸ್ ಕ್ಯಾಟರಲ್."

"ಆಗ್ಲಿ."

ಥ್ರೆಲ್‌ಫಾಲ್ ತಮ್ಮ ಚೀಲದಿಂದಲೇ ಉಷ್ಣಮಾಪಕ ತೆಗೆದು ಮೇಜಿನ ಮೇಲಿಟ್ಟರು. ಇಪ್ಪತ್ತು ತೋರಿಸಿತು. ಬರೆದರು. ಮಕ್ಕಳೆಲ್ಲ ತೆಳು ಅಂಗಿಯಲ್ಲಿದ್ದಾರೆ ಎಂದೂ ಬರೆದರು. ಕಾರ್ಡಿಗನ್ ವಿಷಯ ಬರೆಯಲಿಲ್ಲ. ನೊರೀನ್ ಅಷ್ಟಕ್ಕೆ ಸಹಿ ಹಾಕಿದರು.

ಹತ್ತು ದಿನದ ಮೇಲೆ ಲೈಸೆನ್ಸ್ ಮುಂದುವರಿದಿದೆ ಎಂದು ಪತ್ರ ಬಂತು. ರೇಡಿಯೇಟರಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಮಾರ್ಚ್ ತಿಂಗಳಲ್ಲಿ ಲಿಂಡ್ಸಿ ಗೇಟಿನ ಹತ್ತಿರ ಬಂದು ನಿಂತರು. ರೋವನ್ ಈಗ ಹೋಗುತ್ತಿರುವ ಮನೆಗೆ ಎರಡು ಬಸ್ಸು ಹಿಡಿಯಬೇಕಂತೆ. ಇಲ್ಲಿ ಜಾಗ ಇದೆಯೇ ಎಂದು ನೆಲ ನೋಡುತ್ತ ಕೇಳಿದರು.

"ಇದೆ," ಎಂದರು ನೊರೀನ್. "ಸೋಮವಾರ ಕರ್ಕೊಂಡು ಬನ್ನಿ. ರೇಡಿಯೇಟರ್ ಹೀಗೇ ಇರುತ್ತೆ. ದೂರು ಬರೆಯೋದಿದ್ರೆ ಈಗ್ಲೇ ಬರೀರಿ, ಪೆನ್ನು ಕೊಡ್ತೀನಿ."