ಹನ್ನೊಂದು ಮನೆಗಳ ಮಣ್ಣು, ಕಾಡಪ್ಪನವರ ಅಂಚಿನಸೀಮೆ

ಬೆಳಗಿನ ಐದೂವರೆ ಗಂಟೆ. ಪುಣೆಯ ಕಸಬಾ ಪೇಠೆಯ ಒಂದು ಹಳೆಯ ವಾಡೆಯ ಅಂಗಳದಲ್ಲಿ ಕಾಡಪ್ಪ ಮಣ್ಣು ತುಳಿಯುತ್ತಿದ್ದಾರೆ. ಧೋತರವನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ್ದಾರೆ, ಎಡಗೈ ಬಾವಿಕಟ್ಟೆಯ ಮೇಲಿದೆ. ಹಿಮ್ಮಡಿಯಿಂದ ಒತ್ತುತ್ತಾರೆ, ಕಾಲ್ಬೆರಳಿನಿಂದ ಎಳೆಯುತ್ತಾರೆ, ಮತ್ತೆ ಒತ್ತುತ್ತಾರೆ. ಹೆಂಡತಿ ಸಾವಂತ್ರವ್ವ ಅಂಚು ನೆಗ್ಗಿದ ಒಂದು ಹಿತ್ತಾಳೆ ತಂಬಿಗೆಯಿಂದ ನೀರು ಬಿಡುತ್ತಾರೆ. ನೀರಿನಿಂದ ಸಣ್ಣಗೆ ಹಬೆ ಏಳುತ್ತದೆ. ಗಂಡನ ಕಾಲು ಚಳಿಗೆ ಸೆಟೆಯಬಾರದೆಂದು ಬೆಳಗಾಗುವ ಮೊದಲೇ ಎದ್ದು ಕಾಸಿದ ನೀರು ಅದು. ಹಾಗೆಂದು ಅವರ ಬಾಯಿಂದ ಹೇಳಿಸುವುದು ಮಾತ್ರ ಕಷ್ಟ.

"ಮಣ್ಣ ಲಗೂ ನೆನೀಲೆಂತ ಕಾಸೇನ್ರಿ ಅವ್ವಾರ," ಎನ್ನುತ್ತಾರೆ, ಇವರ ಕೆಲಸ ನೋಡಲು ಬಂದ ನನಗೆ. "ಇವರ ಕಾಲಿಗೇನ ಆಗೇತಿ? ಎಮ್ಮಿ ಗೊರಸಾಗ್ಯಾವ."

ಸ್ವರಾಜ್ಯ ಬಂದ ಮೇಲಿನ ಮೊದಲ ದೀಪಾವಳಿಗೆ ಇನ್ನು ಮೂರು ದಿನ. ಪುಣೆಯಲ್ಲಿ ಈ ಹೊತ್ತಿಗೆ ವಾಡೆವಾಡೆಯ ಅಂಗಳದಲ್ಲಿ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ, ಅದರ ಮೇಲೆ ಸಾಸಿವೆ ಚೆಲ್ಲಿ ಹಸಿರು ಮೂಡಿಸುತ್ತಾರೆ. ಹೆಚ್ಚಿನವು ಎಲ್ಲರೂ ಹೆಸರು ಬಲ್ಲ ಗಿರಿದುರ್ಗಗಳು. ಈ ವಾಡೆಯ ಕೋಟೆ ಮಾತ್ರ ಯಾವ ನಕಾಶೆಯಲ್ಲಿಯೂ ಇಲ್ಲ. ಅದು ಏಳುಬುರುಜಿನ ರಾಜ್ಯದ ಕಟ್ಟಕಡೆಯ ಪ್ರಾಂತ. ಹೆಸರು ಅಂಚಿನಸೀಮೆ. ನಲವತ್ತು ವರ್ಷಗಳಿಂದ ಅದನ್ನು ಕಟ್ಟುತ್ತಿರುವವರು ಕಾಡಪ್ಪ.

ಬಾವಿಕಟ್ಟೆಯ ಮೇಲೆ ಹನ್ನೊಂದು ದೊನ್ನೆಗಳು ಸಾಲಾಗಿವೆ. ಅಂಗಳದ ಸುತ್ತ ವಾಡೆಯಲ್ಲಿ ಹನ್ನೊಂದು ಮನೆ, ಎಲ್ಲವೂ ಕನ್ನಡ ಮಾತಿನವು. ಪ್ರತಿ ಮನೆಯಿಂದಲೂ ಒಂದು ಹಿಡಿ ಮಣ್ಣು ಬರಬೇಕು: ತುಳಸಿಕಟ್ಟೆಯದೋ, ಹೂವಿನ ಕುಂಡದ್ದೋ, ಒಲೆ ತಿದ್ದಿ ಉಳಿದದ್ದೋ. ಹತ್ತು ದೊನ್ನೆ ತುಂಬಿವೆ. ಕೊನೆಯದು ಖಾಲಿ.

"ಅದು ಬರೂಮಟಾ ಗ್ವಾಡಿ ಏಳೂದಿಲ್ರಿ," ಎನ್ನುತ್ತಾರೆ ಕಾಡಪ್ಪ. "ಒಂದ ಮನಿ ಕಡಿಮಿ ಆದ್ರ ಅದು ಸೀಮಿ ಅಲ್ಲ, ಬರೇ ರಾಡಿ."

ಕಾಡಪ್ಪನವರಿಗೆ ಈಗ ಅರವತ್ತರ ಮೇಲೆ ವಯಸ್ಸು. ಬೈಲಹೊಂಗಲದ ಕಡೆಯವರು. ಹತ್ತೊಂಬತ್ತರ ಪ್ರಾಯದಲ್ಲಿ ಕೆಲಸ ಹುಡುಕಿಕೊಂಡು ಪುಣೆಗೆ ಬಂದರು. ಮಣ್ಣಿನ ಗೋಡೆ ಏರಿಸುವುದು, ಬಿರುಕು ಮುಚ್ಚುವುದು, ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ತಿರುವುವುದು ಅವರ ಕಸುಬು. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಅರವತ್ತು ಮಾಡುಗಳನ್ನು ಹತ್ತಿ ಇಳಿಯುತ್ತಾರೆ. ಗೋಡೆ ಕೆಲಸವಿದ್ದ ದಿನ ನಲವತ್ತು ಬುಟ್ಟಿ ಮಣ್ಣು ಹೊರುತ್ತಾರೆ. ಈ ಲೆಕ್ಕ ಸಾವಂತ್ರವ್ವನದು, ಕಾಡಪ್ಪನವರು ಎಣಿಸಿದವರಲ್ಲ. ಈ ಪೇಠೆಯಲ್ಲಿ ಮಳೆಗಾಲದಲ್ಲಿ ಬೆಚ್ಚಗೆ ಮಲಗಿದವರಲ್ಲಿ ಎಷ್ಟೋ ಜನ ಅವರ ಹೆಸರು ಕೇಳಿರಲಾರರು.

ಅಂಚಿನಸೀಮೆ ಹುಟ್ಟಿದ್ದು ಒಂದು ಪ್ಲೇಗಿನ ವರ್ಷ. ಊರು ಖಾಲಿಯಾಗಿ ಜನ ನದಿಯಾಚೆಯ ಬಯಲಿನಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡಿದ್ದರು. ಗುಡಿಸಲು ಕಟ್ಟುವ ಆಳುಗಳಲ್ಲಿ ಕಾಡಪ್ಪ ಒಬ್ಬರು. ಈ ವಾಡೆಯ ಒಂದು ಮನೆಯ ತಾಯಿಯನ್ನು ರೋಗದ ಆಸ್ಪತ್ರೆಗೆ ಒಯ್ದಿದ್ದರು. ಐದು ವರ್ಷದ ಮಗಳು ಇಂದೂ ಎರಡು ದಿನದಿಂದ ಮಲಗಿರಲಿಲ್ಲ. ರೋಗ ಇಲ್ಲಿಗೂ ಬರುತ್ತದೆಯೇ ಎಂದು ಕಂಡಕಂಡವರನ್ನು ಕೇಳುತ್ತಿದ್ದಳು.

ಕಾಡಪ್ಪ ಉಳಿದ ಮಣ್ಣಿನಿಂದ ಗುಡಿಸಲಿನ ಬಾಗಿಲಿಗೆ ಮೊಣಕಾಲೆತ್ತರದ ಕೋಟೆ ಕಟ್ಟಿದರು. ಏಳು ಬುರುಜು, ಒಂದು ಬಾಗಿಲು, ಬಾಗಿಲಲ್ಲಿ ಮಣ್ಣಿನ ಕಾವಲುಗಾರ. ಇದು ಏಳುಬುರುಜಿನ ರಾಜ್ಯದ ಕೊನೆಯ ಸೀಮೆ, ಇಲ್ಲಿಂದ ಆಚೆ ಹೊಗೆರಾಯನದು, ಅವನು ಹೊಗೆಯ ಹಾಗೆ ಬರುತ್ತಾನೆ, ಆದರೆ ಕಾವಲಿದ್ದ ಕಡೆ ಬರುವುದಿಲ್ಲ ಎಂದರು. ಹುಡುಗಿ ಕಾವಲುಗಾರನ ಪಕ್ಕದಲ್ಲಿಯೇ ಮಲಗಿ ನಿದ್ದೆ ಮಾಡಿದಳು. ಹದಿನೈದು ದಿನಕ್ಕೆ ತಾಯಿ ಬದುಕಿ ಬಂದರು. ಊರಿಗೆ ಮರಳುವಾಗ ಇಂದೂ ಹಟ ಹಿಡಿದು ಆ ಕೋಟೆಯ ಮಣ್ಣನ್ನು ಒಂದು ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದಳು. ಆ ದೀಪಾವಳಿಗೆ ಡಬ್ಬಿಯ ಮಣ್ಣಿಗೆ ಹನ್ನೊಂದು ಮನೆಯ ಮಣ್ಣು ಸೇರಿ ವಾಡೆಯ ಅಂಗಳದಲ್ಲಿ ಅಂಚಿನಸೀಮೆ ಎದ್ದಿತು.

ಆಮೇಲಿನ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಪ್ರತಿ ವರ್ಷ ಮಕ್ಕಳು ಹೇಳುತ್ತಾರೆ, ಕಾಡಪ್ಪ ಕಟ್ಟುತ್ತಾರೆ. ಆ ಚರಿತ್ರೆ ಸುಖದ್ದಲ್ಲ. ರಾಜಧಾನಿಗೆ ಅಂಚಿನಸೀಮೆ ನೆನಪಾಗುವುದು ಸಿಪಾಯಿಗಳು ಬೇಕಾದಾಗ ಮಾತ್ರ. ಒಂದು ವರ್ಷ ರಾಣಿ ಉಪ್ಪಿನ ಗಾಡಿಗಳನ್ನು ತಡೆದಳು. ಸೀಮೆಯವರು ಸಪ್ಪೆ ಉಂಡು ಕೋಟೆ ಕಾಯ್ದರು. ಮೂರು ಸಲ ಸೇತುವೆ ಬಿತ್ತು. ಸೇನಾಪತಿಯೇ ಹೊಗೆರಾಯನ ಕಡೆ ಓಡಿಹೋಗಿ, ಎರಡು ದೀಪಾವಳಿ ಕಳೆದ ಮೇಲೆ ನಾಚಿಕೊಂಡು ಮರಳಿದ. ಈಗ ಪೇಟೆಯಲ್ಲಿ ಬೆಲ್ಲ ಮಾರುತ್ತಾನೆ. ರೇಶನ್ನಿನ ವರ್ಷ ಕೋಟೆಯ ಬಾಗಿಲಲ್ಲಿ ಕಾಳಿಗಾಗಿ ಸಾಲು ನಿಂತಿತ್ತು. ಸಾಲಿನಲ್ಲಿ ರಾಜನೂ ಇದ್ದ, ಹದಿನಾಲ್ಕನೆಯವನಾಗಿ.

ಕಾಡಪ್ಪನವರ ಕಟ್ಟಳೆ ಒಂದೇ. ಸೀಮೆಯಲ್ಲಿ ಯಾರೂ ಸಾಯುವಂತಿಲ್ಲ. ನೂರ ಹನ್ನೆರಡು ಮಣ್ಣಿನ ಮನುಷ್ಯರು ಎರಡು ಬಿಸ್ಕೀಟಿನ ಡಬ್ಬಿಗಳಲ್ಲಿ ವರ್ಷವಿಡೀ ಮಲಗಿರುತ್ತಾರೆ.

"ಕೈ ಮುರದಾಂವ ಸಿಪಾಯಿ ಆಗಾಕ ಬರೂದಿಲ್ಲ, ಖರೆ. ಅಂಗಡ್ಯಾಗ ಕುಂಡ್ರಾಕ ಬರತೈತಿ," ಎನ್ನುತ್ತಾರೆ. "ತಲಿ ಹೋತಂದ್ರ ಹೊಸಾ ತಲಿ ಮಾಡೂದು. ಮಂದೀನ ಚೆಲ್ಲಾಕ ಬರತೈತೇನ್ರಿ?"

ಎಲ್ಲರ ಕೆಲಸವೂ ಬದಲಾಗುತ್ತದೆ, ಒಬ್ಬಳದು ಬಿಟ್ಟು. ಕೋಟೆಯ ಬಾಗಿಲಲ್ಲಿ ಬೆರಳಿನಷ್ಟು ಎತ್ತರದ ಒಬ್ಬ ಹುಡುಗಿ ನಿಂತಿರುತ್ತಾಳೆ. ದೊಡ್ಡ ಜ್ವರದ ವರ್ಷ, ಅಂದರೆ ಮೊದಲ ಮಹಾಯುದ್ಧ ಮುಗಿಯುತ್ತಿದ್ದಾಗ, ವಾಡೆಯ ಹಿಂದಿನ ಗುಡಿಸಲಿನಲ್ಲಿ ಈ ಗಂಡಹೆಂಡತಿ ಇಬ್ಬರೂ ಎಚ್ಚರ ತಪ್ಪಿ ಬಿದ್ದಿದ್ದರು. ನಾಲ್ಕು ವರ್ಷದ ಮಗಳು ನಾಗವ್ವ ಉಳಿಯಲಿಲ್ಲ. ಬಾಗಿಲ ಹುಡುಗಿ ಅವಳೇ. ಆಗ ಮುಂದಿನ ಮನೆಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ರಾಧಾಬಾಯಿ, ಅತ್ತೆ ಬೇಡವೆಂದರೂ ಕೇಳದೆ, ಹನ್ನೆರಡು ದಿನ ಗುಡಿಸಲಿಗೆ ಗಂಜಿ ಒಯ್ದರು. ಇಬ್ಬರೂ ಎದ್ದು ಕೂತ ಮೇಲೆ ಗಂಜಿಯ ತಂಬಿಗೆಯನ್ನು ಅಲ್ಲಿಯೇ ಬಿಟ್ಟು ಬಂದರು, ಮತ್ತೆ ಕೇಳಲಿಲ್ಲ. ಸಾವಂತ್ರವ್ವ ಈಗ ನೀರು ಬಿಡುತ್ತಿರುವುದು ಅದೇ ತಂಬಿಗೆಯಿಂದ. ಬಾಗಿಲ ಹುಡುಗಿಗೆ ಪ್ರತಿ ವರ್ಷ ಕಣ್ಣು ಬರೆಯುವವರೂ ಅವರೇ. ಆ ಕೆಲಸಕ್ಕೆ ಗಂಡನನ್ನೂ ಹತ್ತಿರ ಬಿಡುವುದಿಲ್ಲ.

ಈಗ ಖಾಲಿ ದೊನ್ನೆಯ ಮಾತು. ಅದು ಇಂದೂಬಾಯಿಯ ಮನೆಯದು. ಪ್ಲೇಗಿನ ಬಯಲಿನಲ್ಲಿ ಕಾವಲುಗಾರನ ಪಕ್ಕ ಮಲಗಿದ್ದ ಅದೇ ಇಂದೂ. ಗಂಡನಿಗೆ ಪುಣೆಯಲ್ಲಿಯೇ ನೌಕರಿಯಾದ್ದರಿಂದ ತವರಿನ ಮನೆಯಲ್ಲಿಯೇ ಸಂಸಾರ ಹೂಡಿದವರು. ಶ್ರಾವಣದಲ್ಲಿ ರಾಧಾಬಾಯಿಯ ಮಗ ಮಾರ್ತಾಂಡ ತಮ್ಮ ಮಾಡಿನ ಸೋರಿಕೆಗೆಂದು ಒಂದು ಪತ್ರಾ, ಅಂದರೆ ತಗಡಿನ ಹಾಳೆ, ಹಾಕಿಸಿದ. ಅದರ ನೀರೆಲ್ಲ ಇಂದೂಬಾಯಿಯ ಅಡಿಗೆಮನೆಯ ಗೋಡೆಗೆ ಬಡಿದು, ಒಂದು ಮಧ್ಯಾಹ್ನ ಅರ್ಧ ಗೋಡೆ ಕುಸಿಯಿತು. ಅಂದಿನಿಂದ ಇಂದೂಬಾಯಿ, ರಾಧಾಬಾಯಿ ಈ ಇಬ್ಬರು ಹಳೆಯ ಗೆಳತಿಯರಿಗೆ ಮಾತಿಲ್ಲ. ಅಂಗಳದ ನಡುವೆ ಒಂದು ಸಾಲು ಇಟ್ಟಿಗೆ ಬಂದು ಕೂತಿದೆ. ಮಕ್ಕಳೂ ಎರಡು ಪಂಗಡವಾಗಿ, ಈ ಸಲ ಸೀಮೆಯ ನಡುವೆ ಗಡಿ ಎಳೆಯಬೇಕೆಂದು ಕಾಡಪ್ಪನವರ ಬೆನ್ನು ಹತ್ತಿದ್ದಾರೆ.

"ಪೇಪರನ್ಯಾಗ ದೇಶದ ನಡುವ ಎಳದಾರಲ್ಲ ಅಜ್ಜಾ, ಹಂಗಽ," ಎನ್ನುತ್ತಾನೆ ಒಬ್ಬ.

"ಕಾಗದದ ಮ್ಯಾಲೆ ಎಳಿಯೂದು ಸಸಾರಪಾ. ಮಣ್ಣು ನನ್ನ ಮಾತು ಕೇಳೂದಿಲ್ಲ. ಒಂದ ಮಳಿ ಬಿದ್ರ ಮತ್ತ ಕೂಡತೈತಿ," ಎನ್ನುತ್ತಾರೆ ಕಾಡಪ್ಪ.

ಮರುದಿನ ನಾನು ಹೋದಾಗ ಕಾಡಪ್ಪ ಇಂದೂಬಾಯಿಯ ಹೊಸ್ತಿಲ ಮುಂದೆ ಖಾಲಿ ದೊನ್ನೆ ಹಿಡಿದು ಕೂತಿದ್ದಾರೆ.

"ನನ್ನ ಮನಿ ಮಣ್ಣು ಆಕೀ ಮನಿ ಮಣ್ಣಿನ ಸಂಗಾಟ ಕೂಡೂದು ಬ್ಯಾಡ ಕಾಡಪ್ಪಣ್ಣ," ಎನ್ನುತ್ತಾರೆ ಇಂದೂಬಾಯಿ. "ನನ್ನ ಗ್ವಾಡಿ ಬಿದ್ದು ಮೂರು ತಿಂಗಳಾತು. ಒಂದು ಮಾತು ಬಂದು ಕೇಳಲಿಲ್ಲ."

ಎದುರಿನ ಪಡಸಾಲೆಯಿಂದ ರಾಧಾಬಾಯಿಯ ದನಿ, ಯಾರಿಗೆಂದಿಲ್ಲದೆ: "ಕೇಳಲಿಕ್ಕೆ ಬಂದ್ರ ಬಾಗಲಾ ಹಾಕ್ಕೊಂಡಾಕಿ ಯಾರು ಅಂತ ಕೇಳಿ ನೋಡ್ರಿ."

ಕಾಡಪ್ಪ ದೊನ್ನೆಯನ್ನು ಕೆಳಗಿಡುತ್ತಾರೆ. ಮೂರು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಈಗ ಹೇಳುತ್ತಾರೆ.

"ಇಂದೂತಾಯಿ, ನಂದೊಂದು ತಪ್ಪ ಆಗೇತ್ರಿ."

ಕೋಟೆ ಇಳಿಸಿದ ಮೇಲೆ ಅದರ ಮಣ್ಣನ್ನು ಅವರು ಎಂದೂ ಚೆಲ್ಲುವುದಿಲ್ಲ. ಜಿನೆಯ ಕೆಳಗೆ, ಮೆಟ್ಟಿಲಿನ ಮರೆಯಲ್ಲಿ, ಗುಡ್ಡೆ ಹಾಕಿ ಗೋಣಿತಟ್ಟು ಹೊದಿಸಿ ಇಡುತ್ತಾರೆ. ಮರುವರ್ಷ ಅದನ್ನೇ ನೆನೆಸಿ, ಹೊಸ ಹನ್ನೊಂದು ಹಿಡಿ ಸೇರಿಸುತ್ತಾರೆ. ಪ್ಲೇಗಿನ ಬಯಲಿನ ಡಬ್ಬಿ ಮಣ್ಣಿನಿಂದ ಹಿಡಿದು ನಲವತ್ತು ವರ್ಷದ ಮಣ್ಣೂ ಆ ಗುಡ್ಡೆಯಲ್ಲಿತ್ತು. ಗೋಡೆ ಕುಸಿದ ದಿನ ಮಳೆ ಹನಿ ಕಡಿದಿರಲಿಲ್ಲ. ಗೋಡೆಯ ಮಣ್ಣು ಹದಕ್ಕೆ ಬರಬೇಕಾದರೆ ಹದಿನೈದು ದಿನ ಕೊಳೆಯಬೇಕು.

"ನಿಮ್ಮ ಒಲಿ ತೊಯ್ಯಾಕ ಹತ್ತಿತ್ತರಿ. ಹದಾ ಮಣ್ಣಂದ್ರ ಅದಽ ಒಂದಿತ್ತು. ಯಾರನ್ನೂ ಕೇಳದಽ ತಗದು ಗ್ವಾಡಿ ಏರಿಸಿಬಿಟ್ಟೆ. ಮೂರು ತಿಂಗಳಾತ್ರಿ, ಈ ಮಕ್ಕಳ ಮಾರಿ ನೋಡಾಕ ಆಗವಲ್ದು. ಅವರ ಸೀಮಿ ಎಲ್ಲಾ ನಿಮ್ಮ ಅಡಗಿಮನಿ ಗ್ವಾಡ್ಯಾಗ ಐತಿ. ನಿಮ್ಮ ಡಬ್ಬಿ ಮಣ್ಣೂ ಐತಿ, ರಾಧಾಬಾಯಾರ ತುಳಸಿಕಟ್ಟಿ ಮಣ್ಣೂ ಐತಿ. ಯಾವುದು ಯಾರದಂತ ನನಗೂ ಆರಿಸಾಕ ಬರೂದಿಲ್ಲ."

ಇಂದೂಬಾಯಿ ಎದ್ದು ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಕಾಡಪ್ಪ ದೊನ್ನೆಯನ್ನು ಮರಳಿ ಬಾವಿಕಟ್ಟೆಯ ಮೇಲೆ, ಅದರ ಜಾಗದಲ್ಲಿ, ಇಡುತ್ತಾರೆ.

"ನಾಳೆ ತುಳೀತೀರೇನು?" ಎಂದು ಸಾವಂತ್ರವ್ವ ಕೇಳುತ್ತಾರೆ.

"ತುಳಿಯೂದು ನನ್ನ ಕೆಲಸ."

ದೀಪಾವಳಿಯ ಹಿಂದಿನ ಬೆಳಗು. ಮತ್ತೆ ಬೆಚ್ಚಗಿನ ನೀರು, ಮತ್ತೆ ಹಿಮ್ಮಡಿ. ಇಂದೂಬಾಯಿಯ ಬಾಗಿಲು ತೆರೆಯುತ್ತದೆ. ಅವರ ಕೈಯಲ್ಲಿ ತಾಟು, ತಾಟಿನಲ್ಲಿ ಇಟ್ಟಿಗೆಯಷ್ಟು ದೊಡ್ಡದೊಂದು ಒಣಮಣ್ಣಿನ ಹೆಂಟೆ. ಸೀರೆಯ ಸೆರಗಿಗೆಲ್ಲ ಧೂಳು. ಗೋಡೆಯಿಂದ ಕೆತ್ತಿ ತೆಗೆದದ್ದೆಂದು ಯಾರೂ ಹೇಳಬೇಕಾಗಿಲ್ಲ. ಹೆಂಟೆ ದೊನ್ನೆಯಲ್ಲಿ ಹಿಡಿಯುವುದಿಲ್ಲ, ದೊನ್ನೆಯೇ ಅದರ ಕೆಳಗೆ ಮುಚ್ಚಿಹೋಗುತ್ತದೆ.

"ಹಿಡೀಕಿಂತ ಹೆಚ್ಚಽ ಅದ," ಎನ್ನುತ್ತಾರೆ. "ಗ್ವಾಡಿಗೆ ತೂತು ಬಿದ್ದದ. ಒಲೀ ಮ್ಯಾಲೆ ಬಿಸಿಲು ಬರಲಿಕ್ಕತ್ತದ."

ನೀರು ಸೇದುತ್ತಿದ್ದ ರಾಧಾಬಾಯಿ ಹಗ್ಗದಿಂದ ಕಣ್ಣೆತ್ತುವುದಿಲ್ಲ. "ಹಂಗಽ ಬಿಟ್ರ ಇಲಿ ಬರ್ತಾವ," ಎನ್ನುತ್ತಾರೆ. ಕೊಡವನ್ನು ಕಟ್ಟೆಯ ಮೇಲಿಟ್ಟು ತಮ್ಮ ತುಳಸಿಕಟ್ಟೆಗೆ ಹೋಗಿ ಎರಡು ಕೈಯಿಂದ ಬೊಗಸೆ ತುಂಬ ಮಣ್ಣು ತರುತ್ತಾರೆ. ಇಟ್ಟಿಗೆಯ ಸಾಲನ್ನು ದಾಟಿಯೇ ತರುತ್ತಾರೆ. "ಹಿಡಿ ಇಂದೂ. ತೂತಿಗೆ ಮೆತ್ತು."

"ಪತ್ರಾ?"

"ಮಾರ್ತಾಂಡ ಇವತ್ತ ತಗೀತಾನ. ಅಂವ ತಗೀಲಿಲ್ಲಂದ್ರ ನಾನಽ ಮಾಡ ಏರತೇನಿ."

"ನೀ ಏರಿದ್ರ ಮಾಡಽ ಬೀಳತದ," ಎನ್ನುತ್ತಾರೆ ಇಂದೂಬಾಯಿ.

ಸಾವಂತ್ರವ್ವ ಮುಖ ತಿರುಗಿಸಿ ನಗುತ್ತಾರೆ. ಕಾಡಪ್ಪ ನಗುವುದಿಲ್ಲ. ಅವರು ಆಗಲೇ ಹೆಂಟೆಯನ್ನು ನೀರಿಗೆ ಹಾಕಿ, ಅದು ಕರಗುವುದನ್ನು ನೋಡುತ್ತಾ ನಿಂತಿದ್ದಾರೆ. ಮಕ್ಕಳು ಯಾರೂ ಹೇಳದೆಯೇ ಅಂಗಳದ ಇಟ್ಟಿಗೆಗಳನ್ನು ಕಿತ್ತು ತರುತ್ತಾರೆ. ಬುರುಜುಗಳಿಗೆ ಅಡಿಪಾಯ ಬೇಕಲ್ಲ.

ಸಂಜೆಯ ಹೊತ್ತಿಗೆ ಏಳು ಬುರುಜುಗಳೂ ಎದ್ದಿವೆ. ನೂರ ಹನ್ನೆರಡು ಜನರೂ ಡಬ್ಬಿಯಿಂದ ಹೊರಬಂದು ತಮ್ಮ ತಮ್ಮ ಕೆಲಸಕ್ಕೆ ನಿಂತಿದ್ದಾರೆ. ಬಾಗಿಲಲ್ಲಿ ನಾಗವ್ವ, ಹೊಸ ಕಾಡಿಗೆಯ ಕಣ್ಣು ಅಗಲಿಸಿಕೊಂಡು. ಕೋಟೆಯಿಂದ ಮೂರು ಮೊಳ ಆಚೆ, ಒಲೆಯ ಮಸಿ ಬಳಿದ ಒಂದು ಮಣ್ಣಿನ ಮುದ್ದೆ. ಅವನೇ ಹೊಗೆರಾಯ. ಪ್ಲೇಗಿನ ಬಯಲಿನಿಂದ ಇಲ್ಲಿಯವರೆಗೂ ಅವನ ಜಾಗ ಅದೇ.

ಈ ಸೀಮೆಗೆ ಇನ್ನೇನಾದರೂ ಬೇಕೆಂಬ ಆಸೆ ಉಂಟೆ ಎಂದು ನಾನು ಕೇಳುತ್ತೇನೆ. ಕಾಡಪ್ಪ ಭುಜ ನೀವಿಕೊಳ್ಳುತ್ತಾ ಆ ಕರಿಯ ಮುದ್ದೆಯನ್ನು ನೋಡುತ್ತಾರೆ.

"ಮುಂದಿನ ವರ್ಷಕ್ಕ ಕಾಲಾಗ ಕಸುವು ಉಳೀತಂದ್ರ, ಅವಗೂ ಒಳಗ ಒಂದು ಮನಿ ಕಟ್ಟಿಕೊಡಬೇಕಂತ ಐತ್ರಿ ಅವ್ವಾರ. ನಲವತ್ತ ವರ್ಷಾತು, ಪಾಪ, ಹೊರಗಽ ನಿಂತಾನ."

"ಅಂವ ಬಂದ್ರ ಹೊಗೀನೂ ಬರತೈತಿ," ಎನ್ನುತ್ತಾರೆ ಸಾವಂತ್ರವ್ವ, ತಂಬಿಗೆ ತೊಳೆಯುತ್ತಾ. "ಬೆಳಕಿಂಡಿ ದೊಡ್ಡದಿಡ್ರಿ."

"ಇಡೂಣು," ಎನ್ನುತ್ತಾರೆ ಕಾಡಪ್ಪ. ಬಗ್ಗಿ, ಬಾಗಿಲಿನ ಒಳಮಗ್ಗುಲಲ್ಲಿ, ನಾಗವ್ವನಿಂದ ಒಂದು ಗೇಣು ದೂರದಲ್ಲಿ, ಇನ್ನೂ ಹಸಿಯಾಗಿರುವ ಮಣ್ಣಿಗೆ ಹೆಬ್ಬೆರಳು ಒತ್ತಿ ಜಾಗ ಗುರುತು ಮಾಡುತ್ತಾರೆ.